ಕೌದಿ: ಉಡುಗೊರೆ ಮತ್ತು ದಾನದ ಹೊಲಿಗೆ

ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಸೂಜಿ ಎಲ್ಲವನ್ನೂ ದಾಟುವಂತೆ ಹೊಲಿದು ಮಾಡುವ ಹೊದಿಕೆ ಕೌದಿ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆ, ಧೋತರಗಳೇ ಪದರಗಳು. ನಡುವೆ ಬೇರೆ ತುಂಬುವ ರೂಢಿ ಸಾಮಾನ್ಯವಾಗಿ ಇಲ್ಲ. ಯುರೋಪು, ಅಮೆರಿಕಗಳ ಕ್ವಿಲ್ಟ್‌ನಲ್ಲಿ ಮೂರು ಪದರ: ಮೇಲೆ ತುಂಡುಗಳನ್ನು ಕೂಡಿಸಿದ ಮುಖ, ನಡುವೆ ಹಿಂಜಿದ ಹತ್ತಿ ಇಲ್ಲವೇ ಉಣ್ಣೆ, ಕೆಳಗೆ ಅಸ್ತರು. ಎರಡೂ ಕಡೆ ಮನೆಮಂದಿಯ ಚಳಿಗೆಂದು ಹೊಲಿದವೇ ಹೆಚ್ಚು. ಆದರೆ ಹುಟ್ಟಿದ ಕೂಸಿಗೆ, ಮದುವೆಯಾಗಿ ಹೋಗುವ ಮಗಳಿಗೆ, ಊರು ಬಿಡುವ ಪಾದ್ರಿಗೆ, ಗಾಯಗೊಂಡ ಸಿಪಾಯಿಗೆ, ಮುಖ ಕಾಣದ ಯಾರೋ ನಿರಾಶ್ರಿತರಿಗೆ ಕೊಡಲೆಂದೇ ಹೊಲಿದವೂ ಬಹಳ. ಇವುಗಳ ಚರಿತ್ರೆ ಬರೆಯುವಾಗ ಒಂದು ತೊಡಕಿದೆ. ದಾನವಾಗಿ ಹೋದದ್ದು ಹೊದ್ದು, ಒಗೆದು, ಹರಿದು ಮುಗಿಯಿತು. ಗೌರವಕ್ಕೆಂದು ಕೊಟ್ಟದ್ದು ಪೆಟ್ಟಿಗೆಯಲ್ಲಿ ಉಳಿದು ವಸ್ತುಸಂಗ್ರಹಾಲಯ ಸೇರಿತು. ಇಂದು ಗಾಜಿನ ಹಿಂದೆ ಕಾಣುವ ಕ್ವಿಲ್ಟ್‌ಗಳನ್ನಷ್ಟೇ ನಂಬಿದರೆ ಈ ಕೆಲಸದ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಚಿಂದಿ ಕೂಡಿಸುವುದು ಬಡತನದ ಉಪಾಯವೆಂಬ ಮಾತು ಕೌದಿಗೆ ಒಪ್ಪುತ್ತದೆ. ಆರಂಭದ ಅಮೆರಿಕನ್ ಕ್ವಿಲ್ಟ್‌ಗೆ ಅಷ್ಟಾಗಿ ಒಪ್ಪುವುದಿಲ್ಲ. 18ನೆಯ ಶತಮಾನದಲ್ಲಿ ಅಚ್ಚಿನ ಹತ್ತಿ ಬಟ್ಟೆ ದುಬಾರಿ ಸರಕು. ಕೋರಮಂಡಲ ಕರಾವಳಿಯಿಂದ ಹಡಗೇರಿ ಹೋದ ಬಣ್ಣದ ಚೀಟಿ ಬಟ್ಟೆಯ ಹೂಬಳ್ಳಿಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಅಂಟಿಸಿ ಹೊಲಿಯುತ್ತಿದ್ದವರು ಅನುಕೂಲಸ್ಥ ಮನೆಯ ಹೆಂಗಸರು. 19ನೆಯ ಶತಮಾನದ ಮೊದಲರ್ಧದಲ್ಲಿ ನ್ಯೂ ಇಂಗ್ಲೆಂಡಿನ ಗಿರಣಿಗಳು ಅಚ್ಚಿನ ಬಟ್ಟೆಯನ್ನು ಅಗ್ಗ ಮಾಡಿದ ಮೇಲೆ ಕ್ವಿಲ್ಟ್ ಸಾಮಾನ್ಯರ ಕೈಗೆ ಬಂತು. ಸರಿಸುಮಾರು ಅದೇ ಹೊತ್ತಿಗೆ, ಬಟ್ಟೆಯನ್ನು ತಿಂದುಹಾಕದ, ಒಗೆದರೂ ಹೋಗದ ಶಾಯಿ ಅಂಗಡಿಗಳಲ್ಲಿ ಸಿಗತೊಡಗಿತು. ಹಳೆಯ ಶಾಯಿಯಲ್ಲಿದ್ದ ಕಬ್ಬಿಣದ ಅಂಶ ಅಕ್ಷರ ಬಿದ್ದ ಜಾಗವನ್ನೇ ಶಿಥಿಲ ಮಾಡುತ್ತಿತ್ತು. ಉಡುಗೊರೆಯ ಕ್ವಿಲ್ಟ್‌ನ ಮಟ್ಟಿಗೆ ಈ ಶಾಯಿ ಹೊಲಿಗೆ ಯಂತ್ರಕ್ಕಿಂತ ಮುಖ್ಯವಾಯಿತು. ಕೊಡುವವರು ತಮ್ಮ ಹೆಸರನ್ನು ಬಟ್ಟೆಯ ಮೇಲೆ ಬರೆದುಕೊಡಬಹುದಾಯಿತು.

1840ರ ದಶಕದಲ್ಲಿ ಹೆಸರು ಬರೆದ ಗೆಳೆತನದ ಕ್ವಿಲ್ಟ್‌ಗಳು ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಹಬ್ಬಿದವು. ಪಶ್ಚಿಮದ ಹೊಸ ನೆಲಕ್ಕೆ ಗುಳೆ ಹೊರಟ ಕುಟುಂಬಕ್ಕೆ ನೆಂಟರು, ನೆರೆಯವರು ಒಬ್ಬೊಬ್ಬರು ಒಂದೊಂದು ಚೌಕ ಹೊಲಿದು, ಸಹಿ ಹಾಕಿ, ಕೂಡಿಸಿ ಕೊಡುತ್ತಿದ್ದರು. ಬಾಲ್ಟಿಮೋರ್ ನಗರದಲ್ಲಿ ಇದು ವೈಭವಕ್ಕೇರಿತು. 1846ರಿಂದ 1852ರ ಆಸುಪಾಸಿನಲ್ಲಿ ಅಲ್ಲಿ ತಯಾರಾದ ಆಲ್ಬಮ್ ಕ್ವಿಲ್ಟ್‌ಗಳಲ್ಲಿ ಹೂಬುಟ್ಟಿ, ಹಡಗು, ಸ್ಮಾರಕ, ಹಕ್ಕಿ ಒಂದೊಂದು ಚೌಕದಲ್ಲಿ ಒಂದೊಂದು. ಹಲವು ಕ್ವಿಲ್ಟ್‌ಗಳು ಮೆಥಡಿಸ್ಟ್ ಸಭೆಗಳ ಪಾದ್ರಿಗಳಿಗೆ ಬೀಳ್ಕೊಡುಗೆಯಾಗಿ ಸಂದವು. ಇವು ಹೊದೆಯಲೆಂದು ಹೊಲಿದವಲ್ಲ, ಹಾಗಾಗಿಯೇ ಬಣ್ಣ ಮಾಸದೆ ಉಳಿದಿವೆ.

ಕ್ವಿಲ್ಟ್ ಮಾರಿ ಬಂದ ಹಣವನ್ನು ಒಂದು ಉದ್ದೇಶಕ್ಕೆ ಕೊಡುವ ಪದ್ಧತಿ ಗುಲಾಮಗಿರಿ ವಿರೋಧಿ ಚಳವಳಿಯಲ್ಲಿ ಬಲವಾಯಿತು. 1836ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಮಹಿಳಾ ಸಂಘ ನಡೆಸಿದ ಮೇಳದಲ್ಲಿ ಒಂದು ಪುಟ್ಟ ತೊಟ್ಟಿಲ ಕ್ವಿಲ್ಟ್ ಮಾರಾಟಕ್ಕಿತ್ತು. ಅದರ ನಟ್ಟನಡುವಿನ ನಕ್ಷತ್ರದಲ್ಲಿ ಗುಲಾಮ ತಾಯಿಯನ್ನು ನೆನೆಯುವ ಪದ್ಯ ಶಾಯಿಯಲ್ಲಿದೆ. ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಹೊಲಿದದ್ದೆಂದು ಹೇಳಲಾಗುವ ಈ ಕ್ವಿಲ್ಟ್ ಈಗಲೂ ಇದೆ. ಮತದಾನದ ಹಕ್ಕಿಲ್ಲದ, ವೇದಿಕೆ ಹತ್ತಿದರೆ ಟೀಕೆ ಕೇಳಬೇಕಾಗಿದ್ದ ಹೆಂಗಸರಿಗೆ ಹೊಲಿಗೆಯ ಮೇಳ ಯಾರೂ ತಡೆಯಲಾಗದ ರಾಜಕಾರಣವಾಗಿತ್ತು.

ಬ್ರಿಟನ್ನಿನಲ್ಲಿ ದಾನದ ದಿಕ್ಕು ಬೇರೆ: ಅಲ್ಲಿ ದಾನಕ್ಕೆ ಹೋದದ್ದು ಸಿದ್ಧ ಕ್ವಿಲ್ಟ್ ಅಲ್ಲ, ಹೊಲಿಯುವ ಸಾಮಗ್ರಿ. ಜೈಲು ಸುಧಾರಕಿ ಎಲಿಜಬೆತ್ ಫ್ರೈ ಅವರ ಮಹಿಳಾ ಸಂಘ ಆಸ್ಟ್ರೇಲಿಯಾಕ್ಕೆ ಗಡೀಪಾರಾಗುವ ಕೈದಿ ಹೆಂಗಸರಿಗೆ ಸೂಜಿ, ದಾರ, ಸುಮಾರು 2 ಪೌಂಡ್ ಬಟ್ಟೆ ತುಂಡುಗಳ ಗಂಟನ್ನು ಕೊಡುತ್ತಿತ್ತು. ತಿಂಗಳುಗಟ್ಟಲೆಯ ಕಡಲ ಪಯಣದಲ್ಲಿ ಕೈಗೆ ಕೆಲಸ, ಇಳಿದ ಮೇಲೆ ಮಾರಲು ಒಂದು ವಸ್ತು ಎಂಬುದು ಲೆಕ್ಕಾಚಾರ. 1841ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್ ತಲುಪಿದ ‘ರಾಜಾ’ ಹಡಗಿನ ಕೈದಿಗಳು ಆ ತುಂಡುಗಳಿಂದಲೇ ಒಂದು ದೊಡ್ಡ ಕ್ವಿಲ್ಟ್ ಹೊಲಿದು, ಕೃತಜ್ಞತೆಯ ಸಾಲುಗಳನ್ನು ಕಸೂತಿ ಹಾಕಿ, ಸಂಘದ ಹೆಂಗಸರಿಗೇ ಅರ್ಪಿಸಿದರು. 2,815 ತುಂಡುಗಳ ಈ ಕ್ವಿಲ್ಟ್ ಇಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಬೇರೆ ಹಡಗುಗಳಲ್ಲಿ ಹೊಲಿದವು ಮಾರಿಹೋಗಿ, ಬಳಕೆಯಾಗಿ, ಇಲ್ಲವಾದವು.

ದಾನದ ಹೊಲಿಗೆ ದೊಡ್ಡ ಪ್ರಮಾಣದ ವ್ಯವಸ್ಥೆಯಾಗಿ ಬೆಳೆದದ್ದು ಅಮೆರಿಕದ ಅಂತರ್ಯುದ್ಧದಲ್ಲಿ (1861–65). ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಉತ್ತರದ ಊರೂರುಗಳಲ್ಲಿ ಸಿಪಾಯಿಗಳ ನೆರವಿನ ಸಂಘಗಳು ಹುಟ್ಟಿಕೊಂಡವು. ಆರಂಭ ಅಸ್ತವ್ಯಸ್ತ. ಪ್ರತಿ ಊರೂ ತನ್ನೂರ ಹುಡುಗರಿಗೇ ಎಂದು ಪೆಟ್ಟಿಗೆ ಕಳಿಸುತ್ತಿತ್ತು. ಒಂದೇ ಪೆಟ್ಟಿಗೆಯಲ್ಲಿ ಹಣ್ಣಿನ ಪಾಕದ ಜಾಡಿ, ಕೇಕು, ಹೊದಿಕೆ ಎಲ್ಲ ತುಂಬಿ, ದಾರಿಯಲ್ಲಿ ಜಾಡಿ ಒಡೆದು, ತಿಂಡಿ ಕೊಳೆತು, ಬಟ್ಟೆಯೆಲ್ಲ ಹಾಳಾಗಿ ತಲುಪುತ್ತಿತ್ತೆಂದು ಶಿಕಾಗೋದಲ್ಲಿ ಈ ಕೆಲಸ ನಡೆಸಿದ ಮೇರಿ ಲಿವರ್‌ಮೋರ್ ತಮ್ಮ ಯುದ್ಧದ ನೆನಪುಗಳಲ್ಲಿ ದಾಖಲಿಸಿದ್ದಾರೆ. 1861ರ ಜೂನ್‌ನಲ್ಲಿ ಸರ್ಕಾರದ ಮನ್ನಣೆಯೊಂದಿಗೆ ಸ್ಥಾಪನೆಯಾದ ಸ್ಯಾನಿಟರಿ ಕಮಿಷನ್ ಇದಕ್ಕೊಂದು ಶಿಸ್ತು ತಂದಿತು. ಸಾಮಾನು ಇಂಥ ಊರಿನವರಿಗೆ ಎಂದಲ್ಲ, ಯಾರಿಗೆ ಬೇಕೋ ಅವರಿಗೆ ಎಂಬುದು ಅದರ ನಿಯಮ. ಬಂದದ್ದನ್ನು ವಿಂಗಡಿಸಿ, ಮುದ್ರೆ ಒತ್ತಿ, ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಕ್ವಿಲ್ಟ್‌ನ ಅಳತೆಯೂ ಬದಲಾಯಿತು: ಜೋಡಿಮಂಚದ ಅಗಲ ಬೇಡ, ಆಸ್ಪತ್ರೆಯ ಒಂಟಿ ಮಂಚಕ್ಕೆ ಹೊಂದುವ ಸುಮಾರು 4 ಅಡಿ ಅಗಲ, 7 ಅಡಿ ಉದ್ದ ಸಾಕು. ಅವಸರದಲ್ಲಿ ಮನೆಯ ದೊಡ್ಡ ಕ್ವಿಲ್ಟ್‌ಗಳನ್ನೇ ಕತ್ತರಿಸಿ ಸಣ್ಣದು ಮಾಡಿ ಕೊಟ್ಟವರಿದ್ದಾರೆ. ಚೌಕಗಳ ಮೇಲೆ ಹೆಂಗಸರು, ಶಾಲೆಯ ಮಕ್ಕಳು ತಮ್ಮ ಹೆಸರು, ಊರು, ಬೈಬಲ್ಲಿನ ವಾಕ್ಯ, ಒಮ್ಮೊಮ್ಮೆ ತಮಾಷೆಯ ಮಾತು ಬರೆದರು; ಚೀಟಿ ಬರೆದು ಪಿನ್ನು ಚುಚ್ಚಿ ಕಳಿಸಿದರು. ಉತ್ತರದ ಪಡೆಗಳಿಗೆ ಹೀಗೆ ಹೋದ ಕ್ವಿಲ್ಟ್ ಮತ್ತು ಹೊದಿಕೆಗಳು ಸುಮಾರು 2.5 ಲಕ್ಷ ಎಂಬ ಅಂದಾಜಿದೆ. ಕಮಿಷನ್ನಿನ ಮುದ್ರೆ ಇರುವ, ಇಂದಿಗೂ ಉಳಿದಿರುವ ಕ್ವಿಲ್ಟ್‌ಗಳೋ ಬೆರಳೆಣಿಕೆಯಷ್ಟು. ಆಸ್ಪತ್ರೆಯಲ್ಲಿ ಸತ್ತವನನ್ನು ಅವನ ಹೊದಿಕೆಯಲ್ಲೇ ಸುತ್ತಿ ಹೂಳಿದ್ದೂ ಇದಕ್ಕೊಂದು ಕಾರಣ.

1863ರ ಅಕ್ಟೋಬರ್‌ನಲ್ಲಿ ಲಿವರ್‌ಮೋರ್ ಮತ್ತು ಜೇನ್ ಹೋಗ್ ಶಿಕಾಗೋದಲ್ಲಿ ಏರ್ಪಡಿಸಿದ ಸ್ಯಾನಿಟರಿ ಮೇಳ ಇನ್ನೊಂದು ಹೆಜ್ಜೆ. ಹೊಲಿಗೆ, ಕಸೂತಿ, ರೈತರ ಗಾಡಿಗಟ್ಟಲೆ ಫಸಲಿನ ಜೊತೆ ಅಧ್ಯಕ್ಷ ಲಿಂಕನ್ ಕಳಿಸಿದ, ಗುಲಾಮರ ವಿಮೋಚನಾ ಘೋಷಣೆಯ ಹಸ್ತಪ್ರತಿಯೂ ಹರಾಜಾಗಿ 3,000 ಡಾಲರ್ ತಂದಿತು. ದಕ್ಷಿಣದಲ್ಲೂ ಹೊಲಿಗೆ ನಿಂತಿರಲಿಲ್ಲ. ಅಲಬಾಮಾದ ಮಾರ್ಥಾ ಜೇನ್ ಹ್ಯಾಟರ್ 1862ರಲ್ಲಿ ಯುದ್ಧನೌಕೆಯ ನಿಧಿಗೆಂದು ಕ್ವಿಲ್ಟ್‌ಗಳನ್ನು ಕೊಟ್ಟಳು. ಹರಾಜಿನಲ್ಲಿ ಗೆದ್ದವನು ಹಣ ಕೊಟ್ಟು ಕ್ವಿಲ್ಟನ್ನು ಮರಳಿಸುವುದು, ಅದನ್ನು ಮತ್ತೆ ಹರಾಜಿಗಿಡುವುದು ಹೀಗೆ ಒಂದೇ ಕ್ವಿಲ್ಟ್ ಹಲವು ಸಲ ಮಾರಾಟವಾಯಿತು. ನಮ್ಮ ದೇವಸ್ಥಾನಗಳ ಸವಾಲು ಕೂಗುವುದನ್ನು ಕಂಡವರಿಗೆ ಈ ಉತ್ಸಾಹ ಹೊಸದಲ್ಲ.

ಯುದ್ಧದ ನಂತರ ಸಹಿಯೇ ಸರಕಾಯಿತು. ಚರ್ಚಿನ ಸೂರು ರಿಪೇರಿಗೋ ಶಾಲೆಗೋ ಹಣ ಬೇಕಾದಾಗ ಕ್ವಿಲ್ಟ್ ಮೇಲೆ ಹೆಸರು ಹಾಕಿಸಲು ತಲೆಗೆ 10 ಸೆಂಟ್‌ನಂತೆ ವಸೂಲಿ. ನಡುವಿನ ಜಾಗಕ್ಕೆ ದರ ಹೆಚ್ಚು. ಸಂಗ್ರಹವಾದ ಹೆಸರುಗಳನ್ನು ಬಣ್ಣ ಬಿಡದ ಕೆಂಪು ದಾರದಲ್ಲಿ ಕಸೂತಿ ಮಾಡಿ, ಕೊನೆಗೆ ಕ್ವಿಲ್ಟನ್ನೇ ಹರಾಜು ಹಾಕಿದರೆ ಎರಡು ಆದಾಯ. 1917ರ ಡಿಸೆಂಬರ್‌ನಲ್ಲಿ ‘ಮಾಡರ್ನ್ ಪ್ರಿಸಿಲ್ಲಾ’ ಪತ್ರಿಕೆ ರೆಡ್‌ಕ್ರಾಸ್‌ಗೆ 1,000 ಡಾಲರ್ ಕೂಡಿಸಬಲ್ಲ ಸಹಿ ಕ್ವಿಲ್ಟ್‌ನ ವಿನ್ಯಾಸ ಪ್ರಕಟಿಸಿತು. ಊರಿನ ಜನಗಣತಿಯಲ್ಲಿ ಸಿಗದ ಸಂಬಂಧಗಳು ಈ ಕ್ವಿಲ್ಟ್‌ಗಳಲ್ಲಿ ಸಿಗುವುದರಿಂದ ಸ್ಥಳೀಯ ಚರಿತ್ರಕಾರರು ಈಗ ಇವನ್ನು ದಾಖಲೆಯಂತೆ ಓದುತ್ತಾರೆ.

ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಹೆಂಗಸರು ರೆಡ್‌ಕ್ರಾಸ್ ಮೂಲಕ ಬ್ರಿಟನ್ನಿಗೆ ಕಳಿಸಿದ ಕ್ವಿಲ್ಟ್‌ಗಳು ಸುಮಾರು 4 ಲಕ್ಷವೆಂದು ಅಂದಾಜು. ಬಾಂಬಿಗೆ ಮನೆ ಕಳೆದುಕೊಂಡವರಿಗೆ, ಆಸ್ಪತ್ರೆಗಳಿಗೆ ಹಂಚಿದ ಇವು ಸೊಬಗಿನವಲ್ಲ. ಗಟ್ಟಿ ಬಟ್ಟೆ, ದಪ್ಪ ಹೊಲಿಗೆ, ಮೂಲೆಯಲ್ಲೊಂದು ಚೀಟಿ. ಇವಕ್ಕಿಂತ ಸಿಂಗಾಪುರದ ಚಾಂಗಿ ಜೈಲಿನ ಕ್ವಿಲ್ಟ್‌ಗಳ ಹೆಸರು ದೊಡ್ಡದು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾದಾಗ ನಾಗರಿಕ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆಯಾಗಿ ಬಂಧನದಲ್ಲಿಟ್ಟರು. ಯಾರು ಬದುಕಿದ್ದಾರೆ ಎಂಬ ಸುದ್ದಿ ಆಚೆ ಮುಟ್ಟಿಸುವ ದಾರಿ ಇರಲಿಲ್ಲ. ಕೆನಡಾದ ಎಥೆಲ್ ಮಲ್ವೇನಿ ಹೊಲಿಗೆಯ ಉಪಾಯ ತೆಗೆದರು. ಪ್ರತಿಯೊಬ್ಬಳಿಗೂ ಒಂದು ಚೌಕ ಬಟ್ಟೆ. ಅದರಲ್ಲಿ ಹೆಸರು ಮತ್ತು ತನ್ನದೆನಿಸುವ ಏನಾದರೂ ಚಿತ್ರ. 66 ಚೌಕಗಳ ಮೂರು ಕ್ವಿಲ್ಟ್‌ಗಳು ತಯಾರಾದವು: ಬ್ರಿಟಿಷ್ ಗಾಯಾಳುಗಳಿಗೊಂದು, ಆಸ್ಟ್ರೇಲಿಯದವರಿಗೊಂದು, ಜಪಾನಿ ಗಾಯಾಳುಗಳಿಗೊಂದು. ಕಾವಲುಗಾರರ ಕಡೆಯವರಿಗೂ ಒಂದನ್ನು ಹೊಲಿದದ್ದರಿಂದ ಉಳಿದೆರಡು ಜೈಲಿನ ಬಾಗಿಲು ದಾಟಿ ಆಸ್ಪತ್ರೆ ಸೇರಿದವು. ಇದನ್ನು ಕ್ಷಮಾಗುಣದ ಕಥೆಯಾಗಿ ಹೇಳುವವರಿದ್ದಾರೆ. ಜಾಣ್ಮೆಯ ಕಥೆಯಾಗಿ ಓದುವುದು ಹೆಚ್ಚು ಸರಿ. ಜಪಾನಿ ಮತ್ತು ಆಸ್ಟ್ರೇಲಿಯದ ಕ್ವಿಲ್ಟ್‌ಗಳು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ, ಬ್ರಿಟಿಷರದ್ದು ಲಂಡನ್ನಿನಲ್ಲಿ ರೆಡ್‌ಕ್ರಾಸ್ ಬಳಿ. ಅದೇ ಜೈಲಿನಲ್ಲಿ ಗೈಡ್ಸ್ ದಳದ ಪುಟ್ಟ ಹುಡುಗಿಯರು ತಮ್ಮ ನಾಯಕಿ ಎಲಿಜಬೆತ್ ಎನ್ನಿಸ್ ಅವರ ಹುಟ್ಟುಹಬ್ಬಕ್ಕೆ ಷಟ್ಕೋನದ ಚೂರುಗಳ ಕ್ವಿಲ್ಟ್ ಒಂದನ್ನು ಗುಟ್ಟಾಗಿ ಹೊಲಿದರು. ಎನ್ನಿಸ್ ಭಾರತೀಯ ಸೇನೆಯಲ್ಲಿ ದಾದಿಯಾಗಿದ್ದವರು.

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳೊಂದಿಗೆ ಹಾಸಿದ ಏಡ್ಸ್ ಸ್ಮಾರಕ ಕ್ವಿಲ್ಟ್ ಹೊದಿಕೆಯೇ ಅಲ್ಲ. 3 ಅಡಿಗೆ 6 ಅಡಿಯ ಒಂದೊಂದು ತುಂಡೂ ಸತ್ತವರೊಬ್ಬರ ಹೆಸರಿನದು. ಮತ್ತೆ ಹೊದೆಯುವ ದಾನದ ಕಡೆ ಬಂದರೆ, 1995ರಲ್ಲಿ ಆರಂಭವಾದ ಪ್ರಾಜೆಕ್ಟ್ ಲೈನಸ್ ಕಾಯಿಲೆಯ ಮಕ್ಕಳಿಗೂ, 2003ರ ಕ್ವಿಲ್ಟ್ಸ್ ಆಫ್ ವೇಲರ್ ಯುದ್ಧದಿಂದ ಮರಳಿದ ಸೈನಿಕರಿಗೂ ಕ್ವಿಲ್ಟ್ ತಲುಪಿಸುತ್ತವೆ. ಇಂದು ಅಮೆರಿಕದಲ್ಲಿ ಚಿಂದಿ ಬಳಸುವವರು ಕಡಿಮೆ. ಹೊಸ ಹತ್ತಿ ಬಟ್ಟೆ ಕೊಂಡು ಹೊಲಿಯುವುದರಿಂದ, ಅಂಗಡಿಯ ಕಂಬಳಿಗಿಂತ ದಾನದ ಕ್ವಿಲ್ಟ್‌ಗೆ ಖರ್ಚು ಹೆಚ್ಚು. ಎಳೆಗೂಸು ಮಲಗುವಾಗ ಮಂಚದಲ್ಲಿ ಸಡಿಲ ಹೊದಿಕೆ ಇರಬಾರದೆಂಬ ಅಮೆರಿಕದ ಮಕ್ಕಳ ತಜ್ಞರ ಸಲಹೆಯೂ ಹೊಲಿಗೆಯನ್ನು ಬದಲಿಸಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಪೆಟ್ಟಿಗೆಗೆ ಬೆಳಕು ತಡೆಯಲು ಹೊರಗಿನಿಂದ ಹೊದಿಸುವ ಪುಟ್ಟ ಕ್ವಿಲ್ಟ್‌ಗಳನ್ನು ಆಸ್ಪತ್ರೆಗಳಿಗೆ ಹೊಲಿದುಕೊಡುತ್ತಾರೆ.

ಕರ್ನಾಟಕದ ಕೌದಿಗೆ ಇಂಥ ಸಂಘಟಿತ ದಾನದ ಚರಿತ್ರೆ ಇಲ್ಲ; ಅದು ನಂಟಿನೊಳಗೆ ಓಡಾಡಿದ್ದು. ಬಾಣಂತನಕ್ಕೆ ಬಂದ ಮಗಳ ಕೂಸಿಗೆ ಅಜ್ಜಿಯ ಮೆತ್ತನೆಯ ಹಳೇ ಸೀರೆಯ ಕೌದಿ ಸಿದ್ಧವಾಗುತ್ತದೆ, ತೊಟ್ಟಿಲಿನ ಜೊತೆ ಅತ್ತೆಮನೆಗೂ ಹೋಗುತ್ತದೆ. ಅದರ ಮೇಲೆ ಯಾರೂ ಹೆಸರು ಹಾಕುವುದಿಲ್ಲ. ಯಾವ ಚೂರು ಯಾರ ಕುಪ್ಪಸದ್ದು, ಯಾರ ಇಳಕಲ್ ಸೀರೆಯ ದಡಿ ಎಂಬುದು ಮನೆಯವರಿಗೆ ಗೊತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಫೂಲ’ ಕೂಡಿಸಿದ ಮೇಲೆಯೇ ಅವರ ಕೌದಿ ಪೂರ್ಣ. ಮೊಮ್ಮಕ್ಕಳಿಗೆಂದು ಹೊಲಿದ ಪುಟ್ಟ ಕೌದಿಗಳಲ್ಲಿ ಚೂರುಗಳ ಬಣ್ಣ ಹೆಚ್ಚು ಜೋರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಇವರ ಸಹಕಾರಿ ಕೂಟ ಆರಂಭವಾಗಿ ಮಾರಾಟಕ್ಕೂ ದಾರಿಯಾಯಿತು; 2011ರಲ್ಲಿ ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ನಡೆಯಿತು.

ಸಹಿ ಕ್ವಿಲ್ಟ್‌ಗೆ ತೀರ ಹತ್ತಿರದ ಕನ್ನಡನಾಡಿನ ಉದಾಹರಣೆ ಈಚಿನದು. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕಿದ ಹಾಸನ್ನು ಸುಧಾ ಮೂರ್ತಿ ಅವರಿಗೆ ಕೊಟ್ಟರು. 2017ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ ‘ತ್ರೀ ಥೌಸಂಡ್ ಸ್ಟಿಚಸ್’ ಹೆಸರು ಪಡೆದದ್ದು ಆ ಹಾಸಿನಿಂದಲೇ.