ಗಣಕದ ನಾಡಿ ಕಣ್ಣಿಗೆ ಕಂಡ ಬಗೆ

ಬೈಸಿಕಲ್ಲಿನ ಚೈನು ಸಡಿಲವಾದರೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಆದರೆ ಗಣಕ ನಿಧಾನವಾದರೆ ಅದರ ಕಾರಣವನ್ನು ಹೊರಗಿನಿಂದ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಎಂಜಿನಿಯರುಗಳು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳು ಸ್ವಾರಸ್ಯಕರವಾಗಿವೆ.

1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ‘ಎನಿಯಾಕ್’ ಗಣಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸಲಾಯಿತು. ಸುಮಾರು 18,000 ನಿರ್ವಾತ ನಳಿಕೆಗಳಿದ್ದ ಈ ಯಂತ್ರದಲ್ಲಿ ಅಂಕಿಗಳನ್ನು ಸೂಚಿಸುತ್ತಿದ್ದುದು ಪುಟ್ಟ ನಿಯಾನ್ ದೀಪಗಳು. ಅವು ನೋಡುಗರಿಗೆ ಎದ್ದು ಕಾಣಲೆಂದು ಟೇಬಲ್ ಟೆನಿಸ್ ಚೆಂಡುಗಳನ್ನು ಅರ್ಧಕ್ಕೆ ಕತ್ತರಿಸಿ, ಅಂಕಿ ಬರೆದು, ದೀಪಗಳಿಗೆ ಟೊಪ್ಪಿಯಂತೆ ತೊಡಿಸಿದರು. ಮಿನುಗುವ ದೀಪಗಳೇ ಗಣಕದ ಗುರುತು ಎಂಬ ಭಾವನೆ ಬೆಳೆಯಲು ಇಂಥ ಪ್ರದರ್ಶನಗಳೂ ಕಾರಣ.

ಮುಂದೆ ಬಂದ ಗಣಕಗಳ ಮುಂಫಲಕದಲ್ಲೂ ದೀಪಗಳ ಸಾಲುಗಳಿದ್ದವು. ಅವು ಅಲಂಕಾರಕ್ಕಲ್ಲ. ಅನುಭವವಿದ್ದ ನಿರ್ವಾಹಕರು ದೀಪಗಳ ಲಯ ನೋಡಿಯೇ ಯಂತ್ರದ ಸ್ಥಿತಿಯನ್ನು ಊಹಿಸುತ್ತಿದ್ದರು. ಒಂದೇ ವಿನ್ಯಾಸ ಮತ್ತೆ ಮತ್ತೆ ಮೂಡಿದರೆ ಪ್ರೋಗ್ರಾಮು ಸುತ್ತಿನೊಳಗೆ ಸಿಕ್ಕಿಬಿದ್ದಿದೆ ಎಂದರ್ಥ.

1986ರಲ್ಲಿ ಬಂದ ‘ಕನೆಕ್ಷನ್ ಮೆಷಿನ್’ ಒಂದು ಕಪ್ಪು ಘನಾಕೃತಿ. 65,536 ಸರಳ ಪ್ರೊಸೆಸರುಗಳಿದ್ದ ಅದರ ಮೈಮೇಲಿನ ಕೆಂಪು ದೀಪಗಳು ಒಳಗಿನ ಚಿಪ್ಪುಗಳ ಚಟುವಟಿಕೆಯನ್ನು ತೋರಿಸುತ್ತಿದ್ದವು. ಇದೇ ಕಂಪನಿಯ ನಂತರದ ಮಾದರಿ ‘ಸಿಎಂ-5’ರಲ್ಲಿ, ನೋಡಲು ಚೆನ್ನಾಗಿರಲೆಂದು ದೀಪಗಳು ಯಾದೃಚ್ಛಿಕವಾಗಿ ಮಿನುಗುವ ಏರ್ಪಾಡೂ ಇತ್ತು. 1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರದಲ್ಲಿ ನೀವು ಅದನ್ನು ನೋಡಿರಬಹುದು. ಕಣ್ಸೆಳೆಯುವುದೇನೋ ನಿಜ, ಆದರೆ ಯಾದೃಚ್ಛಿಕ ಮಿನುಗಿನಿಂದ ಯಂತ್ರದ ಬಗ್ಗೆ ಏನೂ ತಿಳಿಯದು.

ಹಾಗಾದರೆ ಚಿತ್ರ ಬಿಟ್ಟು ಸಂಖ್ಯೆಯನ್ನಷ್ಟೇ ನಂಬಬಹುದೇ? ಒಂದು ಲೆಕ್ಕ ಮಾಡಿ ನೋಡಿ. ನೂರು ಕೋರಿಕೆಗಳಲ್ಲಿ 99ಕ್ಕೆ ಗಣಕವು ತಲಾ 1 ಮಿಲಿಸೆಕೆಂಡಿನಲ್ಲಿ ಉತ್ತರಿಸಿತು. ಉಳಿದ ಒಂದಕ್ಕೆ 1,000 ಮಿಲಿಸೆಕೆಂಡು ಹಿಡಿಯಿತು. ಸರಾಸರಿ ಸುಮಾರು 11 ಮಿಲಿಸೆಕೆಂಡು. ಆದರೆ 11 ಮಿಲಿಸೆಕೆಂಡು ತೆಗೆದುಕೊಂಡ ಕೋರಿಕೆ ಒಂದೂ ಇಲ್ಲ! ಸರಾಸರಿಯು ತೊಂದರೆಯನ್ನು ಮರೆಮಾಡಿತು.

ಇದಕ್ಕೊಂದು ಪರಿಹಾರ ‘ಹೀಟ್ ಮ್ಯಾಪ್’. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ವಿಳಂಬ, ಬಣ್ಣದ ಗಾಢತೆಯಲ್ಲಿ ಕೋರಿಕೆಗಳ ಸಂಖ್ಯೆ. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಸಾಲಾಗಿದ್ದ ಹಾರ್ಡ್ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದರು. ಕಿರುಚಿದ ಕ್ಷಣದಲ್ಲೇ ನಕ್ಷೆಯ ಮೇಲ್ಭಾಗದಲ್ಲಿ ಚುಕ್ಕಿಗಳು ಮೂಡಿದವು. ಧ್ವನಿಯ ಕಂಪನದಿಂದ ಡಿಸ್ಕಿನ ಕೆಲಸ ತಡವಾಗಿತ್ತು. ಸರಾಸರಿಯಲ್ಲಿ ಸುಲಭವಾಗಿ ಕರಗಿಹೋಗಬಲ್ಲ ಇಂಥ ಘಟನೆಯನ್ನು ನಕ್ಷೆ ಬಯಲಿಗೆಳೆಯಿತು.

ಗ್ರೆಗ್ ಅವರೇ 2011ರಲ್ಲಿ ‘ಫ್ಲೇಮ್ ಗ್ರಾಫ್’ ರೂಪಿಸಿದರು. ಪ್ರೊಸೆಸರು ಆ ಕ್ಷಣ ಪ್ರೋಗ್ರಾಮಿನ ಯಾವ ಭಾಗದಲ್ಲಿದೆ, ಅಲ್ಲಿಗೆ ಯಾವ ಭಾಗಗಳ ಮೂಲಕ ಬಂದಿದೆ ಎಂದು ಸೆಕೆಂಡಿಗೆ ಹಲವು ಬಾರಿ ದಾಖಲಿಸಿದರೆ ಓದಲಾಗದಷ್ಟು ಪಠ್ಯ ಸಂಗ್ರಹವಾಗುತ್ತದೆ. ಅದನ್ನು ಒಂದರ ಮೇಲೊಂದು ಆಯತಗಳಾಗಿ ಬರೆದಾಗ ಬೆಂಕಿಯ ಜ್ವಾಲೆಯಂತೆ ಕಾಣುತ್ತದೆ. ಅಗಲವಾದ ಆಯತ ಎಂದರೆ ಹೆಚ್ಚು ಸಮಯ ನುಂಗುತ್ತಿರುವ ಭಾಗ. ಮೂಲ ರೂಪದಲ್ಲಿ ಕೆಂಪು, ಹಳದಿ ಬಣ್ಣಗಳಿಗೆ ವಿಶೇಷ ಅರ್ಥವಿಲ್ಲ. ಅವು ಆಯತಗಳನ್ನು ಬೇರ್ಪಡಿಸಲು ಮಾತ್ರ. ಅಡ್ಡ ಅಕ್ಷವೂ ಕಾಲವನ್ನು ಸೂಚಿಸುವುದಿಲ್ಲ. ಇದನ್ನರಿಯದೆ ನೋಡಿದವರು ತಪ್ಪು ತೀರ್ಮಾನಕ್ಕೆ ಬರುವುದು ಖಂಡಿತ.

ಹೀಗಾಗಿ ಸುಂದರವಾದ ಯಾವ ನಕ್ಷೆಯನ್ನು ಕಂಡರೂ ಮೂರು ಪ್ರಶ್ನೆ ಕೇಳಿ: ಇದರ ಉದ್ದ, ಅಗಲ, ಬಣ್ಣಗಳಲ್ಲಿ ಯಾವುದು ಅಳತೆ, ಯಾವುದು ಅಲಂಕಾರ? ಇದು ಏನನ್ನು ಮರೆಮಾಡಿದೆ? ಯಂತ್ರದ ಸ್ಥಿತಿ ಬದಲಾದರೆ ಚಿತ್ರವೂ ಬದಲಾಗುತ್ತದೆಯೇ? ಶಿಕ್ಷಕರು ತರಗತಿಯ ಅಂಕಗಳ ಸರಾಸರಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲೇ ಹೆಸರಿಲ್ಲದೆ ಪ್ರತಿ ಅಂಕಕ್ಕೂ ಒಂದು ಚುಕ್ಕಿ ಇಡಿಸಲಿ. ಸರಾಸರಿ ಹೇಳದೆ ಬಿಟ್ಟದ್ದನ್ನು ಮಕ್ಕಳೇ ಗುರುತಿಸುತ್ತಾರೆ.