ಪೈಪಿನ ತಳದಲ್ಲಿ ಉಳಿದ ತಂಬಾಕು: ಒಣಗಿಸಿ ಮತ್ತೆ ಸೇದಬಹುದೇ?

ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ಒಂದು ವಿಚಿತ್ರ ಅಭ್ಯಾಸದ ಪ್ರಸ್ತಾಪ ಬರುತ್ತದೆ. ಬೆಳಗಿನ ತಿಂಡಿಗೆ ಮೊದಲು ಹೋಮ್ಸ್ ಸೇದುವ ಪೈಪಿಗೆ ಹೊಸ ತಂಬಾಕು ಬೀಳುವುದಿಲ್ಲ. ಹಿಂದಿನ ದಿನ ಸೇದಿದ ಪೈಪುಗಳ ತಳದಲ್ಲಿ ಉಳಿದ ಗಂಟುಗಳನ್ನೆಲ್ಲ ಕೂಡಿಸಿ, ಅಗ್ಗಿಷ್ಟಿಕೆಯ ಮೇಲಿನ ಹಲಗೆಯ ಮೂಲೆಯಲ್ಲಿ ಒಣಗಿಸಿಟ್ಟು, ಬೆಳಿಗ್ಗೆ ಅದನ್ನೇ ತುಂಬಿಕೊಳ್ಳುತ್ತಾನೆ. ಹೆಬ್ಬೆರಳು ಕಳೆದುಕೊಂಡ ಎಂಜಿನಿಯರನ ಕಥೆಯಲ್ಲಿ ಡಾಕ್ಟರ್ ವಾಟ್ಸನ್ ಹೇಳುವ ಮಾತಿದು. ಕಥೆ ಮೊದಲು ಅಚ್ಚಾದದ್ದು 1892ರಲ್ಲಿ, ಲಂಡನ್ನಿನ ಸ್ಟ್ರ್ಯಾಂಡ್ ಮ್ಯಾಗಜಿನ್‌ನಲ್ಲಿ.

ಕಥೆಗಾರ ಆರ್ಥರ್ ಕಾನನ್ ಡಾಯ್ಲ್ ಸ್ವತಃ ವೈದ್ಯ. ಆದರೂ ಈ ಉಳಿಕೆ ಸೇದುವವನ ಬಾಯಿಗೆ, ಗಂಟಲಿಗೆ ಏನು ಮಾಡುತ್ತದೆ ಎಂಬ ಮಾತು ಅಲ್ಲಿಲ್ಲ. ಈಗ ಆ ಲೆಕ್ಕವನ್ನು ನೋಡೋಣ.

ಡಾಟಲ್ ಎಂದರೇನು?

ಪೈಪು ಸೇದಿ ಮುಗಿದ ಮೇಲೆ ಬಟ್ಟಲಿನ ತಳದಲ್ಲಿ ಪೂರ್ತಿ ಉರಿಯದೆ ಉಳಿಯುವ, ಒದ್ದೆಯಾದ, ಅರ್ಧ ಕರಕಲಾದ ತಂಬಾಕಿಗೆ ಇಂಗ್ಲಿಷಿನಲ್ಲಿ ಡಾಟಲ್ ಎನ್ನುತ್ತಾರೆ. ಬಿರಡೆ, ಮುಚ್ಚಳ ಎಂಬ ಅರ್ಥದ ಹಳೆಯ ಪದದಿಂದ ಬಂದ ಹೆಸರದು. ತಳದ ತೂತಿಗೆ ಬಿರಡೆಯಂತೆಯೇ ಅದು ಕೂತಿರುತ್ತದೆ.

ಅದು ಏಕೆ ಉಳಿಯುತ್ತದೆ? ಕೆಂಡ ಇರುವುದು ಬಟ್ಟಲಿನ ಮೇಲ್ಭಾಗದಲ್ಲಿ. ಸೇದುವವನು ಎಳೆದಾಗ ಬಿಸಿ ಹೊಗೆ ಕೆಳಗಿನ ತಂಬಾಕಿನ ಮೂಲಕ ಹಾದು ಕೊಳವೆಗೆ ಬರುತ್ತದೆ. ಹೊಗೆಯ ಜೊತೆ ನೀರಾವಿಯೂ ಇರುತ್ತದೆ. ತಂಬಾಕಿನಲ್ಲಿದ್ದ ತೇವ ಒಂದು ಕಡೆ, ಉರಿಯುವಾಗ ಹೊಸದಾಗಿ ಹುಟ್ಟುವ ನೀರು ಇನ್ನೊಂದು ಕಡೆ. ತಳ ತಣ್ಣಗಿರುವುದರಿಂದ ಆವಿ ಅಲ್ಲಿ ನೀರಾಗಿ ಇಳಿಯುತ್ತದೆ. ಆವಿಯ ಜೊತೆ ಬಂದ ನಿಕೋಟಿನ್ ಮತ್ತು ಟಾರ್ ಕೂಡ ಅಲ್ಲೇ ತಂಗುತ್ತವೆ. ಕೊನೆಗೆ ತಳ ಎಷ್ಟು ಒದ್ದೆಯಾಗುತ್ತದೆಂದರೆ ಕೆಂಡ ಅಲ್ಲಿಗೆ ತಲುಪುವಷ್ಟರಲ್ಲಿ ಆರಿಹೋಗುತ್ತದೆ. ತಂಬಾಕನ್ನು ಗಟ್ಟಿಯಾಗಿ ಒತ್ತಿ ತುಂಬಿದರೆ, ಹಸಿ ತಂಬಾಕು ಹಾಕಿದರೆ, ಅವಸರದಿಂದ ಎಳೆದರೆ ಈ ಉಳಿಕೆ ಇನ್ನೂ ಹೆಚ್ಚು.

ನಮ್ಮ ಮನೆಗಳಲ್ಲಿ ಕಾಫಿ ಫಿಲ್ಟರಿನ ಚರಟಕ್ಕೆ ಮತ್ತೊಮ್ಮೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸುವುದುಂಟು. ಅದು ಮೊದಲಿನದಕ್ಕಿಂತ ತೆಳು. ಸತ್ವವೆಲ್ಲ ಮೊದಲೇ ಇಳಿದುಹೋಗಿರುತ್ತದೆ. ಪೈಪಿನ ಉಳಿಕೆಯೂ ಹಾಗೆಯೇ ಸಪ್ಪೆಯಾಗಿರಬೇಕು ಎಂದು ಅನೇಕರು ಎಣಿಸುತ್ತಾರೆ. ಆಗುವುದು ಅದರ ತಿರುವುಮುರುವು. ಡಾಟಲ್‌ನಲ್ಲಿ ಸತ್ವ ಇಳಿದುಹೋಗಿಲ್ಲ, ಬಂದು ಸೇರಿದೆ. ಮೇಲೆ ಉರಿದ ತಂಬಾಕಿನ ಹೊಗೆಗೆಲ್ಲ ಅದು ಸೋಸುಬಟ್ಟೆಯಾಗಿತ್ತು. ಒಣಗಿಸಿದರೆ ನೀರು ಹೋಗುತ್ತದೆ, ಟಾರ್ ಹೋಗುವುದಿಲ್ಲ. ನಿಕೋಟಿನ್ ಕುದಿಯುವುದು ಸುಮಾರು 247 ಡಿಗ್ರಿ ಸೆಲ್ಷಿಯಸ್‌ನಲ್ಲಿ; ಕಿಟಕಿಯ ಬಿಸಿಲಿಗೆ ಅದೂ ಹಾರಿಹೋಗುವುದಿಲ್ಲ. ಹೋಮ್ಸ್‌ನ ಬೆಳಗಿನ ಪೈಪು ದಿನದ ಅತ್ಯಂತ ಖಾರದ ಪೈಪಾಗಿದ್ದಿರಬೇಕು.

ಹಾಗಿದ್ದೂ ಏಕೆ ಕೂಡಿಡುತ್ತಿದ್ದರು?

ಮೊದಲ ಕಾರಣ ಬೆಲೆ. ಇಂಗ್ಲೆಂಡಿಗೆ ತಂಬಾಕು ಬಂದ ಹೊಸದರಲ್ಲಿ ಅದು ಸಿರಿವಂತರ ವಸ್ತು. ತಂಬಾಕನ್ನು ದ್ವೇಷಿಸುತ್ತಿದ್ದ ದೊರೆ ಒಂದನೇ ಜೇಮ್ಸ್ 1604ರಲ್ಲಿ ಅದರ ವಿರುದ್ಧ ಪುಸ್ತಿಕೆಯನ್ನೇ ಬರೆದ. ಅದೇ ವರ್ಷ ಪೌಂಡಿಗೆ 2 ಪೆನ್ಸ್ ಇದ್ದ ಆಮದು ಸುಂಕವನ್ನು 6 ಷಿಲಿಂಗ್ 10 ಪೆನ್ಸ್‌ಗೆ ಏರಿಸಿದ. ಆ ಕಾಲದ ಮಣ್ಣಿನ ಪೈಪುಗಳ ಬಟ್ಟಲು ತೀರಾ ಚಿಕ್ಕದು. ತಂಬಾಕು ಅಗ್ಗವಾದಂತೆ ಬಟ್ಟಲು ದೊಡ್ಡದಾಗುತ್ತ ಬಂತು.

ಎರಡನೆಯದು ಬಡತನ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಲಂಡನ್ನಿನ ಬೀದಿ ಕಸುಬುಗಳನ್ನು ದಾಖಲಿಸಿದ ಹೆನ್ರಿ ಮೇಹ್ಯೂ, ಸಿಗಾರಿನ ತುಂಡು ಆಯುವವರ ಬಗ್ಗೆ ಒಂದು ಭಾಗವನ್ನೇ ಬರೆದಿದ್ದಾರೆ. ಇದೊಂದರಿಂದಲೇ ಬದುಕುವವರಲ್ಲ ಅವರು. ಚಿಂದಿ, ಮೂಳೆ ಆಯುತ್ತ ಇದನ್ನೂ ಆಯುವವರು. ಒಣಗಿಸಿದ ತುಂಡುಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ ಮತ್ತೆ ಅಗ್ಗದ ತಂಬಾಕಿಗೆ ಸೇರುತ್ತಿದ್ದವು. ಪ್ಯಾರಿಸ್ಸಿನ ಮೊಬೆರ್ ಚೌಕದಲ್ಲಂತೂ ಇಂಥ ತುಂಡು ತಂಬಾಕಿನ ಸಂತೆಯೇ ನಡೆಯುತ್ತಿತ್ತು.

ಮೂರನೆಯದು ಯುದ್ಧ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ ಆರ್. ಎ. ರ‍್ಯಾಡ್‌ಫರ್ಡ್ ಬಿಡುಗಡೆಯಾದ ಮೇಲೆ, 1945ರಲ್ಲಿ, ಸೆರೆ ಶಿಬಿರದ ಅರ್ಥವ್ಯವಸ್ಥೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ಶಿಬಿರದಲ್ಲಿ ಸಿಗರೇಟೇ ನಾಣ್ಯ. ರೆಡ್‌ಕ್ರಾಸ್ ಸಿಗರೇಟಿನ ಬದಲು ಪೈಪ್ ತಂಬಾಕು ಕೊಟ್ಟರೆ ಒಂದು ಔನ್ಸ್‌ಗೆ 25 ಸಿಗರೇಟಿನ ಲೆಕ್ಕ. ಆದರೆ ಕೈಯಲ್ಲಿ ಸುತ್ತಿದರೆ ಒಂದು ಔನ್ಸ್‌ನಿಂದ 30 ಸಿಗರೇಟು ಬರುತ್ತಿದ್ದವು! ಇನ್ನು ಕೆಲವರು ಕಾರ್ಖಾನೆಯ ಸಿಗರೇಟನ್ನು ಬೆರಳುಗಳ ನಡುವೆ ಹೊಸೆದು ಒಂದಿಷ್ಟು ತಂಬಾಕು ಉದುರಿಸಿಕೊಂಡೇ ಕೈಬದಲಾಯಿಸುತ್ತಿದ್ದರು. ಸೋತ ಜಪಾನಿನಲ್ಲೂ ಬೀದಿಯ ಸಿಗರೇಟು ತುಂಡುಗಳನ್ನು ಆಯ್ದು, ಬಿಚ್ಚಿ, ಮತ್ತೆ ಸುತ್ತಿ ಮಾರುವವರಿದ್ದರು.

ನಮ್ಮ ಕಡೆಯ ಮೋಟುಬೀಡಿಯೂ ಇದೇ ಬಳಗಕ್ಕೆ ಸೇರಿದ್ದು. ಎಳೆಯದಿದ್ದರೆ ಬೀಡಿ ಬೇಗ ಆರುತ್ತದೆ. ಆರಿದ್ದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೆಲಸ ಮುಗಿದ ಮೇಲೆ ಮತ್ತೆ ಹಚ್ಚುವುದು ಗದ್ದೆಯಲ್ಲೂ ಕಟ್ಟಡದ ಕೆಲಸದಲ್ಲೂ ಸಾಮಾನ್ಯ ನೋಟ. ಅಲ್ಲಿ ನಡೆಯುವುದೂ ಇದೇ. ಬಾಯಿಯ ಹತ್ತಿರದ ತುದಿಯಲ್ಲೇ ಟಾರ್ ಹೆಚ್ಚು ಕೂಡಿರುತ್ತದೆ.

ಆರೋಗ್ಯದ ಲೆಕ್ಕ

ಪೈಪಿನ ಹೊಗೆಯನ್ನು ಸಾಮಾನ್ಯವಾಗಿ ಎದೆಗೆ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಹಳೆಯದು. ಅದು ನಿಜವಲ್ಲ. ಪೈಪು ಸೇದುವವರ ತುಟಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ಜರ್ಮನ್ ವೈದ್ಯ ಸೋಮರಿಂಗ್ 1795ರಲ್ಲೇ ಗುರುತಿಸಿದ್ದರು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶ ಇವೆಲ್ಲದರ ಕ್ಯಾನ್ಸರಿಗೆ ಪೈಪಿನ ನಂಟು ಈಗ ಸ್ಥಿರಪಟ್ಟಿದೆ. ಅಂದಮೇಲೆ ಹೊಸ ತಂಬಾಕೇ ಸುರಕ್ಷಿತವಲ್ಲ. ಉಳಿಕೆಯನ್ನು ಮತ್ತೆ ಸುಡುವುದೆಂದರೆ ಒಮ್ಮೆ ಸೋಸಿ ಬಿಟ್ಟದ್ದನ್ನು ಎರಡನೇ ಸಲ ಬಾಯಿಗೆ ತಂದುಕೊಂಡಂತೆ. ನಾಲಿಗೆ ಉರಿ, ಕಹಿ, ತಲೆಸುತ್ತು ಇದರ ತಕ್ಷಣದ ಫಲ. ಕೆಲವು ಹಳಬರು ಒಣಗಿದ ಡಾಟಲನ್ನು ಹೊಸ ತಂಬಾಕಿನ ಮೇಲೆ ಚಿಟಿಕೆಯಷ್ಟು ಉದುರಿಸುತ್ತಿದ್ದರು, ಕರಕಲಿಗೆ ಬೆಂಕಿ ಬೇಗ ಹತ್ತುತ್ತದೆ ಎಂದು. ಬೆಂಕಿಕಡ್ಡಿ ಇಷ್ಟು ಅಗ್ಗವಾಗಿರುವ ಕಾಲದಲ್ಲಿ ಆ ಉಪಾಯಕ್ಕೂ ಅರ್ಥವಿಲ್ಲ.

ಹಚ್ಚದೆ ಡಬ್ಬಿಯಲ್ಲೇ ಒಣಗಿಹೋದ ತಂಬಾಕಿನ ವಿಷಯ ಬೇರೆ. ದೆಹಲಿ, ಹೈದರಾಬಾದಿನ ಬೇಸಿಗೆಯಲ್ಲಿ ತೆರೆದ ಡಬ್ಬಿ ಕೆಲವೇ ದಿನಗಳಲ್ಲಿ ಪುಡಿಯಾಗುತ್ತದೆ. ಅಗಲವಾದ ಪಾತ್ರೆಯಲ್ಲಿ ತಂಬಾಕನ್ನು ಹರಡಿ, ತಾಗದಂತೆ ಮೇಲೆ ಒದ್ದೆ ಬಟ್ಟೆ ಬಿಗಿದಿಟ್ಟರೆ ಕೆಲವು ಗಂಟೆಗಳಲ್ಲಿ ಅದು ಮತ್ತೆ ಮೆತ್ತಗಾಗುತ್ತದೆ. ಸೇಬಿನ ಸಿಪ್ಪೆ, ಆಲೂಗಡ್ಡೆ ಹೋಳು ಹಾಕಿಡುವ ಹಳೆಯ ಸಲಹೆ ಮುಂಬೈ, ಚೆನ್ನೈನ ಹವೆಗೆ ಹೊಂದುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದದ್ದನ್ನು ಪೂರ್ತಿ ಎಸೆಯಬೇಕು. ಹಳೆಯ ವರ್ಜೀನಿಯಾ ತಂಬಾಕಿನ ಮೇಲೆ ಹೊಳೆಯುವ ಸಣ್ಣ ಹರಳುಗಳು ಕಂಡರೆ ಅದು ಬೂಷ್ಟಲ್ಲ. ಬೂಷ್ಟಾದರೆ ಹತ್ತಿಯಂತಿದ್ದು ಮುಗ್ಗಲು ವಾಸನೆ ಬರುತ್ತದೆ.

ಗಿಡಕ್ಕೆ ಹಾಕಬಹುದೇ?

ಹೊಗೆಸೊಪ್ಪಿನ ಕಷಾಯವನ್ನು ಹೇನು, ಹುಳುಗಳಿಗೆ ಸಿಂಪಡಿಸುವ ರೂಢಿ ನಮ್ಮ ರೈತರಲ್ಲಿ ಬಹಳ ಹಿಂದಿನದು. ಅದನ್ನು ಕಂಡವರು ಪೈಪಿನ ಉಳಿಕೆಯನ್ನೂ ಬಾಲ್ಕನಿಯ ಕುಂಡಕ್ಕೆ ಹಾಕಲು ಹೋಗುತ್ತಾರೆ. ಎರಡು ಕಾರಣಕ್ಕೆ ಬೇಡ. ನಿಕೋಟಿನ್ ಹುಳುಗಳಿಗಷ್ಟೇ ವಿಷವಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆ ಭಾರತದಲ್ಲಿ ನಿಷಿದ್ಧ. ಇನ್ನೊಂದು, ತಂಬಾಕಿನ ಮೊಸಾಯಿಕ್ ವೈರಸ್. ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಬದುಕುವ ಈ ವೈರಸ್ ಟೊಮೆಟೊ, ಮೆಣಸಿನ ಗಿಡಗಳಿಗೆ ಅಂಟುತ್ತದೆ. ತಂಬಾಕು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಟೊಮೆಟೊ ಸಸಿ ಮುಟ್ಟಬೇಡಿ ಎಂದು ತೋಟಗಾರಿಕೆಯವರು ಹೇಳುವುದು ಇದಕ್ಕೇ.

ತಂಬಾಕು ಬಿಡಬೇಕೆಂದಿರುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ.

ಪೈಪು ಸೇದುವವರಿರುವ ಮನೆಯಲ್ಲಿ ಡಾಟಲನ್ನು ಕಾಗದದ ಕಸದಬುಟ್ಟಿಗೆ ಕೊಡವಬಾರದು. ಆರಿದಂತೆ ಕಂಡರೂ ಒಳಗೆ ಕಿಡಿ ಇರಬಹುದು. ತುಸು ನೀರಿರುವ ಲೋಹದ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಮಕ್ಕಳಿಗೂ ನಾಯಿಗೂ ಎಟುಕದ ಎತ್ತರದಲ್ಲಿಡಿ. ಆ ನೀರನ್ನು ಗಿಡಕ್ಕೆ ಸುರಿಯದೆ ಶೌಚಾಲಯಕ್ಕೆ ಚೆಲ್ಲಿ.