ಪಾಚಿ ಬರೆದಿಟ್ಟ ಗಾಳಿಯ ಲೆಕ್ಕ

ಮಲೆನಾಡಿನಿಂದ ದೆಹಲಿಗೆ ಬಂದ ವಾಚಕರಿಗೆ ಪಾಚಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆರೆಯ ನೀರಿನ ಮೇಲೆ ತೇಲುವ ಪಾಚಿಯಲ್ಲ. ಹೆಂಚು, ಬಾವಿಕಟ್ಟೆ, ಮರದ ಬೊಡ್ಡೆಗಳ ಮೇಲೆ ಹಸುರು ಮಖಮಲ್ಲಿನಂತೆ ಹರಡುವ, ಇಂಗ್ಲಿಷಿನವರು 'ಮಾಸ್' ಎನ್ನುವ ಪಾಚಿ. ಈ ಊರಿನಲ್ಲಿ ಅದು ಮಳೆಗಾಲದಲ್ಲಿ ಹಳೆಯ ಗೋಡೆಗಳ ಮೇಲೆ ಮುಖ ತೋರಿಸಿ ಒಣಗಿಹೋಗುತ್ತದೆ. ಕಾಲು ಜಾರಿಸುವುದಲ್ಲದೆ ಬೇರೆ ಕೆಲಸವಿಲ್ಲವೆಂದು ನಾವು ತಿಳಿದಿರುವ ಈ ಸಸ್ಯ, ಗಾಳಿಯಲ್ಲಿ ಬರುವ ಲೋಹದ ಲೆಕ್ಕ ಇಡಬಲ್ಲದು.

ಇದನ್ನು ಕ್ರಮವಾಗಿ ಬಳಸಿಕೊಂಡ ಮೊದಲಿಗರಲ್ಲಿ ಸ್ವೀಡನ್ನಿನ ರೂಲಿಂಗ್ ಮತ್ತು ಟೂಲರ್ ಸೇರುತ್ತಾರೆ. ಪಾಚಿಯಲ್ಲಿ ಕೂಡಿದ ಸೀಸವನ್ನು ಅಳೆದು ೧೯೬೮ರಲ್ಲಿ ಅವರು ಲೇಖನ ಪ್ರಕಟಿಸಿದರು. ಪಾಚಿಗೆ ನಿಜವಾದ ಬೇರಿಲ್ಲ. ಎಲೆ ಬಹುಮಟ್ಟಿಗೆ ಒಂದೇ ಜೀವಕೋಶದಷ್ಟು ತೆಳು. ಮಳೆ, ಮಂಜು, ಧೂಳು ತಂದುಕೊಟ್ಟದ್ದೇ ಊಟ. ಅದರೊಡನೆ ಬಂದ ಸೀಸ, ಕ್ಯಾಡ್ಮಿಯಂ ಮುಂತಾದವು ಕೋಶದ ಭಿತ್ತಿಗೆ ಅಂಟಿ ಉಳಿಯುತ್ತವೆ. ಪಾಚಿಯನ್ನು ಒಣಗಿಸಿ, ಆಮ್ಲದಲ್ಲಿ ಕರಗಿಸಿ ಅಳೆದರೆ ಬಹುಕಾಲ ಬಿದ್ದದ್ದರ ಮೊತ್ತ ತಿಳಿಯುತ್ತದೆ. ಪಾಚಿ ಬೆಳೆಯದ ಕಡೆ ಏನು ಗತಿ? ವೇಲ್ಸ್ ಸೀಮೆಯ ಸ್ವಾನ್ಸೀ ಲೋಹದ ಕುಲುಮೆಗಳ ಊರು. ಅಲ್ಲಿ ಗುಡ್‌ಮನ್ ಮತ್ತು ರಾಬರ್ಟ್ಸ್ ಪಾಚಿಯನ್ನು ಬಲೆಯ ಚೀಲದಲ್ಲಿ ತುಂಬಿ ತೂಗುಹಾಕಿ, ೧೯೭೧ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮಗೆ ಹತ್ತಿರದ ಕುಮಾವೂಂ ಬೆಟ್ಟಗಳಲ್ಲಿಯೂ ಬರೇಲಿಯ ಸಂಶೋಧಕರು ಪಾಚಿಯಿಂದ ಲೋಹ ಅಳೆದಿದ್ದಾರೆ. ದೆಹಲಿಯಂಥ ಒಣ ಊರಿಗೂ ಚೀಲವೇ ಸರಿಯಾದ ಉಪಾಯ.

ನಮ್ಮ ಬೆಂಗಳೂರಿನಲ್ಲಿ ಈ ಸಾಕ್ಷಿ ಹೇಳಿದ್ದು ಪಾಚಿಯಲ್ಲ, ಕಲ್ಲುಹೂವು. ಹೌದು, ಮಸಾಲೆ ಪುಡಿಗೆ ಹಾಕುವ ಕಲ್ಲುಹೂವಿನ ಬಳಗವೇ! ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಈ ಜೀವಿಗೂ ಬೇರಿಲ್ಲ, ಗಾಳಿಯೇ ಗತಿ. ಲಾಲ್‌ಬಾಗನ್ನು ಮುಖ್ಯವಾಗಿಟ್ಟುಕೊಂಡು ಬೆಂಗಳೂರಿನ ಕಲ್ಲುಹೂಗಳ ಹಂಚಿಕೆಯನ್ನೂ ಅವುಗಳಲ್ಲಿನ ಲೋಹವನ್ನೂ ಸಂಜೀವ ನಾಯಕ, ಉಪ್ರೇತಿ, ಮಾಧವ ಗಾಡ್ಗೀಳ್ ಮೊದಲಾದವರು ೨೦೦೩ರ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದರು.

ದೆಹಲಿಯ ಕಥೆಯಲ್ಲಿ ಸೀಸಕ್ಕೆ ದೊಡ್ಡ ಪಾತ್ರವಿದೆ. ಎಂಜಿನ್ನು ಬಡಿಯದಿರಲೆಂದು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಸಂಸಾರ ಸಮೇತ ತಿರುಗಿದವರು ನಮ್ಮಲ್ಲಿ ಎಷ್ಟೋ ಮಂದಿ. ಸೀಸ ಹೆಚ್ಚಾಗಿ ಕೆಡಿಸುವುದು ಎಳೆಯ ಮಕ್ಕಳ ಮೆದುಳನ್ನೇ. ಎಂ. ಸಿ. ಮೆಹ್ತಾ ೧೯೮೫ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ೧೯೯೪ರಲ್ಲಿ ಸೀಸದ ಪ್ರಮಾಣ ಲೀಟರಿಗೆ ೦.೧೫ ಗ್ರಾಮಿಗೆ ಇಳಿಯಿತು. ೧೯೯೮ರಲ್ಲಿ ದೆಹಲಿಯಲ್ಲಿ, ೨೦೦೦ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ಬಹಳ ತಡವಾಯಿತೆಂದೇ ನನ್ನ ಅಭಿಪ್ರಾಯ.

ಪೆಟ್ರೋಲಿನಿಂದ ಹೋದ ಮಾತ್ರಕ್ಕೆ ಲೋಹ ಊರು ಬಿಟ್ಟು ಹೋಗಲಿಲ್ಲ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ನಡೆದದ್ದು ಇಲ್ಲಿ ನೆನೆಯತಕ್ಕದ್ದು. ೨೦೧೩ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯ ವಿಜ್ಞಾನಿಗಳು ಬೀದಿ ಮರಗಳಿಂದ ೩೪೬ ಪಾಚಿ ಮಾದರಿಗಳನ್ನು ಕಿತ್ತು ತಂದರು. ನಕ್ಷೆ ಬರೆದು ನೋಡಿದರೆ ಕ್ಯಾಡ್ಮಿಯಂ ಗುಂಪುಗೂಡಿದ್ದು ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳ ಸುತ್ತ! ಅಧಿಕಾರಿಗಳು ೨೦೧೫ರಲ್ಲಿ ಯಂತ್ರವಿಟ್ಟು ಅಳೆದರು. ಪಾಚಿಯ ಮಾತು ನಿಜವಾಯಿತು. ಅನಂತರ ಅಂಥ ಕಾರ್ಖಾನೆಗಳಿಗೆ ಹೊಸ ನಿಯಮಗಳು ಬಂದವು.

ಉಸಿರಾಡುವ ಗಾಳಿಯ ಒಂದು ಘನ ಮೀಟರಿನಲ್ಲಿ ಎಷ್ಟು ಲೋಹವಿದೆಯೆಂದು ಪಾಚಿ ಹೇಳಲಾರದು; ಅದಕ್ಕೆ ಯಂತ್ರವೇ ಬೇಕು. ಯಂತ್ರವನ್ನು ಎಲ್ಲಿ ಇಡಬೇಕೆಂಬುದನ್ನು ಮಾತ್ರ ಹೇಳಬಲ್ಲದು. ಸೀಲಂಪುರದಲ್ಲಿ ಹಳೆಯ ಕಂಪ್ಯೂಟರುಗಳನ್ನು ಒಡೆದು ಲೋಹ ಬಿಡಿಸುವ ಗಲ್ಲಿಗಳಿವೆ. ಮೂಲೆಮೂಲೆಗೂ ಯಂತ್ರ ಕೂರಿಸುವಷ್ಟು ಹಣ ಯಾವ ಸರ್ಕಾರದಲ್ಲಿಯೂ ಇರದು. ದೀಪದ ಕಂಬಕ್ಕೊಂದು ಬಲೆಯ ಚೀಲ ಕಟ್ಟುವುದಕ್ಕೆ ಅಷ್ಟು ಖರ್ಚಿಲ್ಲ.